ಒಂದು ಬುಟ್ಟಿ ಹೂಳು

ದೇವರಿಗೂ ಸಿಡುಬು ಬರುತ್ತದೆ ಎಂದು ನಾನು ಅರವತ್ತು ವರ್ಷ ನಂಬಿಕೊಂಡು ಬಂದಿದ್ದೆ. ಅದೂ ಸರಕಾರಿ ನರ್ಸಾಗಿದ್ದವಳು. ದಡ್ಡಿಯಿಂದ ಹತ್ತರಗಿಯವರೆಗೆ ಊರೂರು ತಿರುಗಿ ಮಕ್ಕಳ ತೋಳಿಗೆ ಸೂಜಿ ಚುಚ್ಚಿದವಳು, ಜ್ವರ ಬಂದ ಕೂಸಿಗೆ ತಾಯಿತ ಕಟ್ಟಿಸಿಕೊಂಡು ಬಂದವರಿಗೆ ಸರಿಯಾಗಿ ಮಂಗಳಾರತಿ ಮಾಡಿ ಕಳಿಸಿದವಳು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ಬೇರೆಯವರ ತಪ್ಪು ಎತ್ತಿ ಆಡುವಾಗ ನನಗೂ ಸ್ವಲ್ಪ ನಾಚಿಕೆ ಇರಲಿ.

ಆ ದೇವರು ಇರುವುದು ಗೋಕಾಕದಿಂದ ಹುಕ್ಕೇರಿಗೆ ಹೋಗುವ ಹಳೆಯ ದಾರಿಯಲ್ಲಿ, ಒಂದು ಬಾವಿಯ ಬಾಯಿಗೆ. ಗುಡಿ ಇಲ್ಲ, ಪೂಜಾರಿ ಇಲ್ಲ. ಎದೆಯೆತ್ತರದ ಒಂದು ಚಪ್ಪಟೆ ಕಲ್ಲು, ಅಷ್ಟೇ. ನಮ್ಮವರು ಅದಕ್ಕೆ ದಾರಿದೇವರು ಎನ್ನುತ್ತಾರೆ. ಬಾವಿ ಮಾತ್ರ ಭರ್ಜರಿಯಾಗಿದೆ. ಒಂದು ಬದಿಯಿಂದ ಎತ್ತು ಇಳಿಯುವಷ್ಟು ಅಗಲದ ಮೂವತ್ತೆರಡು ಮೆಟ್ಟಿಲು, ಇಳಿದಷ್ಟೂ ತಂಪು, ನೀರಿನ ಮಟ್ಟಕ್ಕೆ ಕಮಾನಿನ ಕೆಳಗೆ ಹತ್ತು ಮಂದಿ ಕೂರುವ ಕಟ್ಟೆ. ಮೇಲೆ ಎರಡು ಹುಣಸೆ ಮರ. ಇದನ್ನು ಯಾರು ಕಟ್ಟಿಸಿದರು ಎಂದರೆ "ಮೊದಲಿನಿಂದ ಐತಿ" ಎಂಬ ಉತ್ತರ ಬರುತ್ತಿತ್ತು. ಅದರ ಮೇಲೆ ಯಾರೂ ಕೇಳುತ್ತಿರಲಿಲ್ಲ.

ನನ್ನ ತವರು ಮೂಡಲಗಿ ಸೀಮೆಯ ಮಸಗುಪ್ಪಿ. ಕುರಿ ಕಾಯುವ ಮನೆತನ ನಮ್ಮದು. ಪ್ರತಿ ವರ್ಷ ದಸರೆ ಮುಗಿದ ಮೇಲೆ ನಮ್ಮ ಮಂದಿ ಡೊಳ್ಳು ಕಟ್ಟಿಕೊಂಡು, ಕಂಬಳಿ ಹೆಗಲಿಗೆ ಹಾಕಿಕೊಂಡು ಪಟ್ಟಣಕೊಡೋಲಿಯ ವಿಠ್ಠಲ ಬೀರದೇವರಿಗೆ ನಡೆದುಕೊಂಡು ಹೋಗುತ್ತಾರೆ. ಮೊದಲ ವಸ್ತಿ ಗೋಕಾಕದ ಆಚೆ. ಎರಡನೆಯ ದಿನ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಈ ಬಾವಿ. ಅಲ್ಲಿ ರೊಟ್ಟಿ ಗಂಟು ಬಿಚ್ಚಬೇಕು, ಕುರಿಗಳಿಗೆ ನೀರು ಕುಡಿಸಬೇಕು, ಆಮೇಲೆ ಹುಕ್ಕೇರಿಯ ದಾರಿ.

ಆ ಬಾವಿಗೆ ಒಂದು ಕಟ್ಟಳೆ ಇತ್ತು. ನೀರು ಕುಡಿಯುವ ಮೊದಲು ಪ್ರತಿಯೊಬ್ಬರೂ ತಳದಿಂದ ಒಂದು ಬುಟ್ಟಿ ಹೂಳು ಎತ್ತಿ ಮೇಲೆ ತಂದು ಸುರಿಯಬೇಕು. ಗೌಡನಾದರೂ ಅಷ್ಟೇ, ಬಸುರಿಯಾದರೂ ಅಷ್ಟೇ. ಬಸುರಿಗೆ ಒಂದು ಹಿಡಿ ಮಣ್ಣು ಎತ್ತಿದರೂ ನಡೆಯುತ್ತಿತ್ತು. ನನ್ನ ಸಣ್ಣಂದಿನಲ್ಲಿ ಬಾಯಾರಿ ನಾಲಿಗೆ ಅಂಟುತ್ತಿದ್ದಾಗ ಈ ಕಟ್ಟಳೆಯ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತೆಂದರೆ, ಒಮ್ಮೆ ಯಾರೂ ನೋಡದಾಗ ಬೊಗಸೆ ತುಂಬ ನೀರು ಕುಡಿದುಬಿಟ್ಟಿದ್ದೆ. ಅವ್ವ ನೋಡಿದಳು. ಬೈಯಲಿಲ್ಲ. ನನ್ನ ಕೈಗೆ ಎರಡು ಬುಟ್ಟಿ ಕೊಟ್ಟಳು.

ಕಲ್ಲಿಗೆ ಸುಣ್ಣ ಬಳಿಯುವ ಹಕ್ಕು ನಮ್ಮ ಮನೆಯ ಹೆಂಗಸರದು. ಅವ್ವ ಮನೆಯಿಂದಲೇ ಒಂದು ಗಡಿಗೆಯಲ್ಲಿ ಸುಣ್ಣ ತರುತ್ತಿದ್ದಳು. ಅದಕ್ಕೆ ಬಾವಿಯ ನೀರು, ಒಂದು ಹಿಡಿ ಭಂಡಾರದ ಅರಿಶಿನ ಸೇರಿಸಿ, ಬ್ರಷ್ಷು ಗಿಷ್ಷು ಇಲ್ಲದೆ ಅಂಗೈಯಿಂದಲೇ ಬಳಿಯುವುದು. ಏಳೋ ಎಂಟೋ ವರ್ಷದವಳಿದ್ದಾಗ ನನಗೂ ಮೊದಲ ಸಲ ಕೈ ಹಚ್ಚಲು ಬಿಟ್ಟಳು. ದಪ್ಪ ಸುಣ್ಣದ ಅಡಿಯಲ್ಲಿ ಕಲ್ಲು ನುಣ್ಣಗಿರಲಿಲ್ಲ. ಉದ್ದುದ್ದ ಬಾಸುಂಡೆ, ನಡುನಡುವೆ ಗುಳ್ಳೆ.

"ಅವ್ವಾ, ದ್ಯಾವರ ಮೈಮ್ಯಾಲ ಏನಿದು?"

"ಹಿಂದಕ ದಾರಿದ್ಯಾವರಿಗೆ ಸಿಡಬು ಬಂದಿತ್ತವ್ವಾ. ಅದರ ಕಲಿ ಅವು. ಉರಿ ಹತ್ತತೈತಿ ಅಂತ ವರ್ಸಾ ಸುಣ್ಣಾ ಹಚ್ಚತೇವಿ. ಮೆತ್ತಗ ಹಚ್ಚು, ನೋವಾದೀತು."

ನಾನು ಮೆತ್ತಗೆ ಹಚ್ಚಿದೆ. ದೇವರಿಗೆ ನೋವಾಗಬಾರದೆಂದು ಬೆರಳಿನ ತುದಿಯಿಂದ ಒಂದೊಂದೇ ಗುಳ್ಳೆಯನ್ನು ಸವರಿದ ನೆನಪು ಇನ್ನೂ ನನ್ನ ಬೆರಳಲ್ಲಿದೆ. ಆಮೇಲೆ ನರ್ಸಿಂಗ್ ಕಲಿತೆ, ಸಿಡುಬಿನ ಪಾಠ ಓದಿದೆ, ಪರೀಕ್ಷೆಯಲ್ಲಿ ಬರೆದು ಪಾಸಾದೆ. ದಾರಿದೇವರ ಸಿಡುಬು ಮಾತ್ರ ಬೇರೆ ಕಪಾಟಿನಲ್ಲಿ ಹಾಗೇ ಉಳಿದುಕೊಂಡಿತು.

ಅವ್ವ ತೀರಿದ ಮೇಲೆ, ನಾನು ನಿವೃತ್ತಿಯಾದ ವರ್ಷ, ಅವಳಿಗಾಗಿ ಏನಾದರೂ ಮಾಡಬೇಕೆನ್ನಿಸಿತು. ಅಷ್ಟು ವರ್ಷ ಸುಣ್ಣ ಬಳಿದ ಕೈ ಅದು. ಗೋಕಾಕಿಗೆ ಹೋಗಿ ಬಿಳಿ ಸಂಗಮರವರಿ ಕಲ್ಲಿನ ಹಲಗೆ ಕೊಯ್ಯಿಸಿ, ಅದರಲ್ಲಿ ಅವ್ವನ ಹೆಸರು, ಊರು, "ಇವರ ಸ್ಮರಣಾರ್ಥ ಮಗಳ ಸೇವೆ" ಎಂದು ಕೆತ್ತಿಸಿ, ದೇವರ ಕಲ್ಲಿನ ಮುಖಕ್ಕೆ ಸರಿಯಾಗಿ ಕೂರುವಂತೆ ಸಿಮೆಂಟು ಹಾಕಿಸಿ ಕೂರಿಸಿದೆ. ಇನ್ನು ದೇವರಿಗೆ ಸುಣ್ಣದ ತಾಪತ್ರಯವಿಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಫಳಫಳ. ಆ ವರ್ಷ ನಡೆದು ಬಂದವರೆಲ್ಲ ಭೇಷ್ ಅಂದರು. ನನ್ನ ತಮ್ಮ ಇವತ್ತಿಗೂ ಕುರಿ ಕಾಯುವವನು; ಅಕ್ಷರ ಬಾರದವನು ಹಲಗೆಯ ಮೇಲೆ ಕೈಯಾಡಿಸಿ "ಅವ್ವಂದು ಎಲ್ಲಿಂದ ಎಲ್ಲೀತನಕ ಐತಿ?" ಎಂದು ಕೇಳಿದ. ನಾನು ಅವನ ಬೆರಳು ಹಿಡಿದು ತೋರಿಸಿದೆ. ಅಂದಿನಿಂದ ಪ್ರತಿ ವರ್ಷ ಬಂದಾಗ ಅಷ್ಟೇ ಜಾಗಕ್ಕೆ ಹಣೆ ಹಚ್ಚುತ್ತಿದ್ದ.

ಹೋದ ವರ್ಷ ಆ ದಾರಿ ಅಗಲವಾಯಿತು. ಬಾವಿಯ ಪಕ್ಕದ ಹೊಲ ಒಮ್ಮೆಲೇ ರಸ್ತೆಗೆ ಮುಖ ಮಾಡಿ ನಿಂತಿತು. ಹೊಲದ ಮಾಲೀಕ ನಲವತ್ತರ ಗಂಡಸು. ನಾನು ಹತ್ತರಗಿಯಲ್ಲಿ ಕೆಲಸಕ್ಕಿದ್ದಾಗ ಅವನ ತಾಯಿ ಅಲ್ಲೇ ತವರಿನಲ್ಲಿ ಹೆತ್ತದ್ದು, ಅವನ ತೋಳಿಗೆ ಮೊದಲ ಸೂಜಿ ಹಾಕಿದವಳು ನಾನೇ. ಅವನು ಅಲ್ಲಿ ಮಂಗಲ ಕಾರ್ಯಾಲಯ ಕಟ್ಟುತ್ತಾನೆ, ಬಾವಿ ಮುಚ್ಚಿ ಗಾಡಿ ನಿಲ್ಲಿಸುವ ಜಾಗ ಮಾಡುತ್ತಾನೆ ಎಂಬ ಸುದ್ದಿ ಮಳೆಗಾಲ ಮುಗಿಯುವಾಗ ನನ್ನ ಕಿವಿಗೆ ಬಿತ್ತು. ಈಗ ನಾನಿರುವುದು ಹುಕ್ಕೇರಿಯಲ್ಲಿ. ಅವತ್ತೇ ಬಸ್ಸು ಹತ್ತಿ ಹೋದೆ.

ಅವನು ಒರಟನಲ್ಲ. ಕುರ್ಚಿ ತರಿಸಿ ಕೂರಿಸಿದ, ಚಹಾ ಕೊಟ್ಟ.

"ನರ್ಸಬಾಯಾರ, ನೀವ ಹೇಳ್ರಿ, ನಡಕೋತ ಯಾರ್ ಹೊಂಟಾರ ಈಗ? ಎಲ್ಲಾರೂ ಟೆಂಪೋದಾಗ ಕುಂತು ಹೋಗ್ತಾರ. ಬಾವಿ ನೀರ ಯಾರ್ ಕುಡಿತಾರ?"

"ನಾವು ಕುಡಿತೇವಿ."

"ನಿಮ್ಮ ದ್ಯಾವರನ್ನ ಬ್ಯಾಡ ಅನ್ನಂಗಿಲ್ಲ ನಾ. ಕಲ್ಲು ಎತ್ತಿ ರಸ್ತಾ ಬಾಜೂ ಇಟ್ಟು, ಛಲೋ ಗುಡಿ ಕಟ್ಟಸ್ತೀನಿ. ಬಾವಿ ಅಷ್ಟ ಮುಚ್ಚತೀನಿ."

"ಬಾವಿ ಮುಚ್ಚಿದ ಮ್ಯಾಲ ದಾರಿದ್ಯಾವರಿಗೆ ಕೆಲಸಾ ಏನೈತಿ ಅಲ್ಲೆ? ನಿಮ್ಮ ಕಾರ್ಯಾಲಯಕ್ಕ ವಾಚಮನ್ ಕೆಲಸಾ?"

ಅವನು ನಕ್ಕ. ನಾನು ನಗಲಿಲ್ಲ. ಬಾವಿ ದಾರಿಯವರದು, ನಿನ್ನದಲ್ಲ ಎಂದೆ. ಆಗ ಅವನ ಮುಖ ಸ್ವಲ್ಪ ಬಿಗಿಯಾಯಿತು.

"ಹೊಲ ನಂದು, ಹೊಲದಾಗಿನ ಬಾವಿ ನಂದು. ದಾರಿ ಮಂದಿದು ಅಂತ ಎಲ್ಲಿ ಬರದೈತಿ? ಬರದಿದ್ದು ಒಂದ ತೋರಸ್ರಿ, ಜೆಸಿಬಿ ಹೊಳ್ಳಿಸಿ ಕಳಸ್ತೀನಿ. ಇಲ್ಲಂದ್ರ ಖಂಡೇನವಮಿಗೆ ಜೆಸಿಬಿ ಪೂಜಾ, ಮರದಿವ್ಸ ಕೆಲಸಾ ಚಾಲೂ."

ಖಂಡೇನವಮಿಗೆ, ಅಂದರೆ ದಸರೆಯ ಆಯುಧಪೂಜೆಗೆ, ಇನ್ನು ಹನ್ನೆರಡು ದಿನವಿತ್ತು. ಮೊದಲು ಕಚೇರಿಗಳಿಗೆ ಅಲೆದೆ. ಒಬ್ಬರು ನಕಾಶೆ ಬಿಚ್ಚಿದರು, ಇನ್ನೊಬ್ಬರು ಹಳೆಯ ವಹಿ ಬಿಚ್ಚಿದರು, ಎಲ್ಲೂ ಬಾವಿಯ ಸೊಲ್ಲೇ ಇಲ್ಲ. ಮಸಗುಪ್ಪಿಗೆ ಹೋಗಿ ತಮ್ಮನಿಗೆ ಹೇಳಿದೆ. ಅವನಿಗೆ ಗುಡಿಯ ಮಾತು ಹಿಡಿಸಿಬಿಟ್ಟಿತ್ತು. "ದ್ಯಾವರಿಗೆ ಗುಡಿ ಆದ್ರ ಆಗ್ಲಿ ಬಿಡಕ್ಕಾ, ಅವ್ವನ ಹೆಸರಿನ ಮ್ಯಾಲ ಮಳಿ ಬೀಳೂದರ ತಪ್ಪತೈತಿ" ಎಂದ. ಉಳಿದವರದೂ ಅದೇ ಮಾತು. ನಾನೊಬ್ಬಳೇ ಉಳಿದೆ. ಒಬ್ಬಳೇ ಉಳಿಯುವುದು ನನಗೇನೂ ಹೊಸದಲ್ಲ. ಮನೆ ಮನೆಗೆ ಲಸಿಕೆ ಹಾಕುತ್ತಾ ತಿರುಗುವಾಗ ಎಷ್ಟು ಊರಲ್ಲಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡಿದ್ದಾರೋ, ಅಷ್ಟು ಊರಲ್ಲೂ ಹೊಸ್ತಿಲ ಮೇಲೆ ಕೂತು ಬಾಗಿಲು ತೆಗೆಸಿದವಳು ನಾನು.

ನಮ್ಮ ಓಣಿಯ ಕೊನೆಗೆ ಒಬ್ಬ ನಿವೃತ್ತ ಉರ್ದು ಮಾಸ್ತರರಿದ್ದಾರೆ. ನನಗಿಂತ ಹತ್ತು ವರ್ಷ ದೊಡ್ಡವರು, ಸಕ್ಕರೆ ಕಾಯಿಲೆ. ವಾರಕ್ಕೊಮ್ಮೆ ಹೋಗಿ ನೋಡಿ, ಬೆಲ್ಲ ತಿಂದದ್ದಕ್ಕೆ ಬೈದು ಬರುವುದು ನನ್ನ ರೂಢಿ. ಅವತ್ತು ಸಕ್ಕರೆ ನೋಡುವುದು ಬಿಟ್ಟು ಬಾವಿಯ ಗೋಳು ತೋಡಿಕೊಂಡೆ. ಅವರು ಮೆಟ್ಟಿಲು ಹೇಗಿವೆ, ಕಮಾನು ಹೇಗಿದೆ, ಹುಣಸೆ ಮರ ಎಷ್ಟು ಎಂದು ಪೊಲೀಸರ ಹಾಗೆ ಕೇಳಿದರು.

"ಬಾಯಿ, ಅದು ಬಿಜಾಪುರ ಬಾದಶಹರ ಕಾಲದ್ದ ಇರಬೇಕು. ನಮ್ಮ ಹುಕ್ಕೇರಿನ್ಯಾಗ ಅವರ ಸರದಾರರು ಇದ್ರು. ಊರ ಬಾಜೂ ಗುಮ್ಮಟ ನೀವ ದಿನಾ ನೋಡ್ತೀರಿ. ನೆಲದಾಗ ಕಾಲಿವಿ ತಗದು ಊರಿಗೆ ನೀರ ತಂದವ್ರು ಅವರು. ಊರಿಗೆ ಅಷ್ಟ ಅಲ್ಲ, ದಾರಿಗೂ ನೀರ ಇಡ್ತಿದ್ರು. ಮಂದಿ ನಡಿಯೂ ಹಾದಿಗೆ ಅಲ್ಲಲ್ಲೆ ಬಾವಿ, ನೆರಳಿಗೆ ಮರ, ಬಾವಿ ನೋಡಿಕೊಳ್ಳಾವ್ರಿಗೆ ಇನಾಮು ಹೊಲ. ಯಾತ್ರಿ ಹೊಂಟವ್ರನ್ನ ನಾಕಾದಾಗ ನಿಲ್ಲಿಸಿ ತೊಂದ್ರಿ ಕೊಡಬ್ಯಾಡ್ರಿ ಅಂತ ಹುಕುಂ. ಹಜಕ್ಕ ಹೊಂಟಾಂವ ಇರ್ಲಿ, ಪಂಢರಪುರಕ್ಕ ಹೊಂಟಾಂವ ಇರ್ಲಿ."

ನನಗೆ ನಂಬಿಕೆ ಬರಲಿಲ್ಲ. ನಾವು ಕೇಳಿ ಬೆಳೆದದ್ದು ಬೇರೆ. ಬಾದಶಹರೆಂದರೆ ಗುಡಿ ಕೆಡವಿದವರು ಅಂತಲೇ ನಮ್ಮ ಕಡೆ ಮಾತು. ಇದ್ದದ್ದನ್ನು ಇದ್ದ ಹಾಗೇ ಅವರ ಮುಖದ ಮೇಲೆ ಹೇಳಿದೆ.

ಮಾಸ್ತರರು ಬೇಜಾರು ಮಾಡಿಕೊಳ್ಳಲಿಲ್ಲ. "ಕೆಡವಿದವ್ರೂ ಇದ್ರು, ದಾರಿ ಕಾದವ್ರೂ ಇದ್ರು. ಒಮ್ಮೊಮ್ಮಿ ಎರಡೂ ಮಾಡಿದಾಂವ ಒಬ್ಬನ ಇರ್ತಿದ್ದ. ಎಲ್ಲಾ ಪುಣ್ಯಾಕ್ಕಂತ ಮಾಡಿದ್ರು ಅಂತನೂ ನಾ ಹೇಳಂಗಿಲ್ಲ. ಯಾತ್ರಿ ನಡದ್ರ ಸಂತಿ ನಡಿತೈತಿ, ಸಂತಿ ನಡದ್ರ ರಾಜ್ಯಾ ನಡಿತೈತಿ. ಅವರಿಗೂ ಶ್ಯಾಣೇತನ ಇತ್ತಲ್ಲ?" ಎಂದವರು ಮುಂದುವರಿದು ಕೇಳಿದರು: "ಅಂಥಾ ಬಾವಿಗೆ ಒಂದು ಕಲ್ಲು ಇರ್ತೈತಿ ನೋಡ್ರಿ. ಹುಕುಂ ಬರದ ಕಲ್ಲು. ಅಲ್ಲೇನರ ಐತೇನು?"

"ಬರದ ಕಲ್ಲಿಲ್ಲ. ನಮ್ಮ ದ್ಯಾವರ ಕಲ್ಲೈತಿ. ಅದರ ಮೈತುಂಬ ಸಿಡಬಿನ ಕಲಿ."

"ಕಲಿ ಒಳಗ ತಗ್ಗು ಬಿದ್ದಾವೋ, ಮ್ಯಾಲ ಉಬ್ಬ್ಯಾವೋ?"

ಸಿಡುಬಿನ ಕಲೆ ತಗ್ಗು ಬೀಳುತ್ತದೆ. ಎಂದಾದರೂ ಉಬ್ಬಿಕೊಂಡು ಉಳಿಯುತ್ತದೆಯೇ? ಹುಡುಗಿಯಾಗಿದ್ದಾಗ ಬೆರಳ ತುದಿಗೆ ಸಿಕ್ಕಿದ್ದು ಉಬ್ಬು. ಅಷ್ಟೂ ಉಬ್ಬು. ಜನ್ಮವಿಡೀ ರೋಗಿಗಳ ಮೈ ಮುಟ್ಟಿ ರೋಗ ಹೇಳಿದ ನಾನು ಇದೊಂದನ್ನು ಮುಟ್ಟಿಯೂ ತಿಳಿಯಲಿಲ್ಲ. ಮಾಸ್ತರರ ಮುಂದೆ ತಲೆ ಎತ್ತಲು ಆಗಲಿಲ್ಲ ನನಗೆ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಬರೆದದ್ದು ತೋರಿಸು ಎಂದಿದ್ದಾನೆ ಅವನು. ಬರೆದದ್ದು ಇದೆ. ಅದರ ಮೇಲೆ ಅವ್ವನ ಹೆಸರನ್ನು ಸಿಮೆಂಟು ಹಾಕಿ ಕೂರಿಸಿದವಳು ನಾನು.

ಹಲಗೆ ಕೂರಿಸಿದ ಗವಂಡಿಯನ್ನೇ ಕರೆದುಕೊಂಡು ಹೋಗಿ ತೋರಿಸಿದೆ. ಅವನು ಅಂಚಿನಲ್ಲಿ ಉಗುರು ಆಡಿಸಿ, "ಇಡಿಯಾಗಿ ಬರಂಗಿಲ್ರಿ. ನೀವ ಗಟ್ಟಿ ಹಾಕು ಅಂದಿದ್ರಿ, ನಾ ಗಟ್ಟಿ ಹಾಕೇನಿ. ಒಡೀಬೇಕು" ಎಂದ. ಒಡೆಯುವ ಕೆಲಸ ತನ್ನಿಂದ ಆಗದೆಂದೂ ಹೇಳಿದ. ಹೆಸರಿನ ಕಲ್ಲು ಒಡೆದರೆ ಮನೆಗೆ ಒಳ್ಳೆಯದಲ್ಲವಂತೆ. ಉಳಿ ಸುತ್ತಿಗೆ ಮಾತ್ರ ಬಿಟ್ಟು ಹೋದ.

ತಮ್ಮನಿಗೆ ಹೇಳದೆ ಮಾಡುವ ಹಾಗಿರಲಿಲ್ಲ. ಫೋನು ಮಾಡಿ ಕರೆಸಿದೆ. ಕುರಿಗಳನ್ನು ಯಾರಿಗೋ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದ. ನಾನು ಹೇಳಿದ್ದನ್ನೆಲ್ಲ ಕೇಳಿ ಹುಣಸೆಯ ಬೇರಿನ ಮೇಲೆ ಕೂತ.

"ಅಂದ್ರ ಇದು ದ್ಯಾವರಲ್ಲ?"

"ನಂಗೊತ್ತಿಲ್ಲ."

"ಬಾದಶಾನ ಕಲ್ಲಿಗೆ ಇಷ್ಟ ದಿನಾ ಅಡ್ಡ ಬಿದ್ದೇವಿ?"

"ಬಾದಶಾನ ನೀರ ಕುಡಿಯೂ ಮುಂದ ಯಾಕ ಕೇಳಲಿಲ್ಲ ನೀ?"

ಆ ಮಾತು ಆಡಬಾರದಿತ್ತು. ನನ್ನ ನಾಲಿಗೆ ಮೊದಲಿನಿಂದ ಹಾಗೇ. ಅವನು ಎದ್ದು ನಿಂತ. "ಅವ್ವಂದು ಅಂತ ನಂಗ ಓದಾಕ ಬರೂದು ಅದೊಂದ ಸಾಲು. ನೀ ಬೆರಳ ಹಿಡದು ಕಲಿಸಿದ್ದು. ಅದನ್ನ ಒಡಿತಿ?" ಎಂದ. ನನ್ನ ಕಣ್ಣು ತುಂಬಿದವು, ಆದರೆ ಉಳಿಯನ್ನು ಕೆಳಗಿಡಲಿಲ್ಲ. ಸಂಕಟಪಡುತ್ತಾ ಕೂರುವಷ್ಟು ದಿನಗಳು ಉಳಿದಿರಲಿಲ್ಲ. ಖಂಡೇನವಮಿಗೆ ಐದೇ ದಿನ.

ಮೊದಲ ಏಟು ಮೂಲೆಗೆ ಹಾಕಿದೆ. ಎರಡನೆಯದು ಊರಿನ ಹೆಸರಿಗೆ ಬಿತ್ತು. ಮೂರನೆಯದಕ್ಕೆ ಹಲಗೆ ಅಡ್ಡಕ್ಕೆ ಸೀಳಿತು. "ಮಗಳ ಸೇವೆ" ಎಂಬ ತುಂಡು ಮೊದಲು ಕಳಚಿ ಬಿದ್ದಾಗ ನನಗೆ ಹಗುರೆನಿಸಿತು. ಅವ್ವನ ಹೆಸರಿನ ಮೇಲೆ ಏಟು ಹಾಕುವಾಗ ಸುತ್ತಿಗೆ ಜಾರಿ ನನ್ನ ಹೆಬ್ಬೆರಳಿಗೇ ಬಡಿಯಿತು. ಹಾಕಿದೆ. ತಮ್ಮ ಕಂಬಳಿ ಹಾಸಿ ಬಿದ್ದ ತುಂಡುಗಳನ್ನೆಲ್ಲ ಆರಿಸಿಕೊಂಡ, ಗಂಟು ಕಟ್ಟಿ ಹೆಗಲಿಗೇರಿಸಿದ, ನನ್ನ ಕಡೆ ತಿರುಗಿಯೂ ನೋಡದೆ ಗೋಕಾಕದ ಬಸ್ಸು ಹತ್ತಿ ಹೋಗಿಬಿಟ್ಟ.

ಸಿಮೆಂಟಿನ ಹಿಂದೆ ಸುಣ್ಣ. ನಮ್ಮ ಮನೆಯ ಎಷ್ಟು ತಲೆಮಾರಿನ ಹೆಂಗಸರು ಬಳಿದ ಸುಣ್ಣವೋ, ಎರಡು ಬೆರಳು ದಪ್ಪ. ಆ್ಯಸಿಡ್ ಹಾಕಿದರೆ ಕಲ್ಲಿನ ಅಕ್ಷರವೇ ಕರಗಿಹೋದೀತು ಎಂದು ಮಾಸ್ತರರು ಮೊದಲೇ ಹೆದರಿಸಿದ್ದರು. ಎರಡು ದಿನ ಒದ್ದೆ ಗೋಣಿಚೀಲ ಹೊದಿಸಿ, ಮತ್ತೆ ಮತ್ತೆ ಬಾವಿಯಿಂದ ನೀರು ತಂದು ಸುರಿದೆ. ಮೊಣಕಾಲು ಸವೆದಿವೆ, ಮೆಟ್ಟಿಲು ಹತ್ತಲೇಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಾಗುತ್ತಿತ್ತು. ಆ ಮಾತು ನಾನೂ ಬೇಕಾದಷ್ಟು ಮಂದಿಗೆ ಹೇಳಿದ್ದೇನೆ, ಯಾರೂ ಕೇಳಿಲ್ಲ. ಮೂರನೆಯ ದಿನ ಬೇವಿನ ಕಡ್ಡಿಯಿಂದ ಕೆರೆದರೆ ಸುಣ್ಣ ಪದರು ಪದರಾಗಿ ಎದ್ದು ಬಂತು. ಒಂದು ಪದರು ಬಿಳಿ, ಒಂದು ಭಂಡಾರದ ಹಳದಿ. ಒಂದು ಹಳದಿ ಪದರಿನಲ್ಲಿ ಸಣ್ಣ ಬೆರಳುಗಳ ಗುರುತಿತ್ತು. ನನ್ನದೇ ಇರಬೇಕು ಎಂದುಕೊಂಡೆ. ಯಾರದೋ ಇದ್ದೀತು.

ಆಮೇಲೆ ಅಕ್ಷರ ಬಂದವು. ಮೇಲೆ ಐದು ಸಾಲು, ಬಳ್ಳಿ ಹಬ್ಬಿದ ಹಾಗೆ ಉಬ್ಬಿದ ಫಾರಸಿ. ಅದರ ಕೆಳಗೆ ನಾನು ನಿರೀಕ್ಷೆ ಮಾಡದಿದ್ದದ್ದು: ಆರು ಸಾಲು ಕನ್ನಡ. ಅಕ್ಷರದ ವರಸೆ ಹಳೆಯದು, ಆದರೆ ಕನ್ನಡವೇ.

ಮಾಸ್ತರರನ್ನು ಆಟೋದಲ್ಲಿ ಕರೆತಂದೆ. ಹೊಲದ ಮಾಲೀಕನಿಗೂ ಹೇಳಿ ಕಳಿಸಿದೆ. ಮಾಸ್ತರರು ಕಲ್ಲಿನ ಮುಂದೆ ಕೂತರು, ಕನ್ನಡಕ ಒರೆಸಿದರು, ಆದರೆ ಓದಲು ಶುರು ಮಾಡಲಿಲ್ಲ.

"ಯಾಕ್ರಿ?"

"ನಾ ಓದಿದ್ರ, ಈ ಸಾಬ ತನಗ ಬೇಕಾದಂಗ ಓದಿದ ಅಂತಾರ ಬಾಯಿ. ಮೊದಲ ಕೆಳಗಿಂದು ಅವರ ಓದ್ಲಿ. ಆಮ್ಯಾಲ ನಾ ಓದ್ತೀನಿ. ಎರಡೂ ಒಂದ ಆದ್ರ ಆತಲ್ಲ."

ಅಷ್ಟು ವರ್ಷ ಮಕ್ಕಳಿಗೆ ಕಲಿಸಿದ ಮನುಷ್ಯ ತನ್ನ ಓದಿಗೆ ಸಾಕ್ಷಿ ಬೇಕೆಂದು ಹೇಳಬೇಕಾಯಿತಲ್ಲ ಎಂದು ನನಗೆ ಬಹಳ ಕೆಟ್ಟದೆನಿಸಿತು. ಆದರೆ ಅವರು ಹೇಳಿದ್ದು ಖರೆ.

ಹಾಗಾಗಿ ಕನ್ನಡ ಓದಿದವನು ಹೊಲದ ಮಾಲೀಕ. ಸಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದ, ಎಡವಿದ, ನಾನು ಕೂಡಿಸಿದೆ. ದಾರಿ ನಡೆಯುವವರೆಲ್ಲರಿಗೂ ಈ ನೀರು. ಜಂಗಮ, ಫಕೀರ, ಕುರುಬ, ಬೇಪಾರಿ ಎಂದು ಹೆಸರಿಟ್ಟು ಬರೆದಿತ್ತು. ದೇವರಿಗೆ ಹೊರಟವರನ್ನು ತಡೆದು ಸುಂಕ ಕೇಳಬಾರದು ಎಂದಿತ್ತು. ಐದನೆಯ ಸಾಲಿಗೆ ಬಂದಾಗ ಅವನು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಬಾಯಾರ, ಇದೇನ್ರಿ? ನೀರ ಕುಡಿಯಾಂವ ಒಂದು ಬುಟ್ಟಿ ಹೂಳ ತಗೀಬೇಕು ಅಂತೈತಿ."

ಅದು ನಮ್ಮ ಕಟ್ಟಳೆ. ಅವ್ವ ನನಗೆ ಎರಡು ಬುಟ್ಟಿ ಕೊಟ್ಟು ಕಲಿಸಿದ ಕಟ್ಟಳೆ. ಹುಕುಂ ಸುಣ್ಣದ ಅಡಿಯಲ್ಲಿ ಹೂತುಹೋಗಿ, ಹುಕುಂ ಮಾಡಿದವರು ಹೋಗಿ, ರಾಜ್ಯ ಹೋಗಿ, ಓದಲು ಬಾರದ ನಮ್ಮ ಮಂದಿ ಅದನ್ನು ತಪ್ಪದೆ ಪಾಲಿಸಿಕೊಂಡು ಬಂದಿದ್ದರು. ದೇವರ ಮಾತೆಂದು ಪಾಲಿಸಿದ್ದರು. ನಾನು ಅಳುತ್ತಿರುವುದು ನನಗೇ ಗೊತ್ತಾಗಲಿಲ್ಲ, ಮಾಸ್ತರರು ತಮ್ಮ ಕರವಸ್ತ್ರ ಕೊಟ್ಟಾಗ ಗೊತ್ತಾಯಿತು.

ಮಾಸ್ತರರು ಮೇಲಿನ ಸಾಲು ಓದಿದರು. ಅದೇ ಮಾತು, ಇನ್ನೊಂದು ಭಾಷೆಯಲ್ಲಿ. ಬಾದಶಹರ ಅಪ್ಪಣೆಯಿಂದ ಎಂದು ಇತ್ತು. ಕಟ್ಟಿಸಿದವನ ಹೆಸರೇನು ಎಂದು ನಾನು ಕೇಳಿದೆ. ಅವರು ಎರಡು ಸಲ ನೋಡಿದರು.

"ಹೆಸರ ಹಾಕಿಲ್ಲ ಬಾಯಿ. ಬರೇ 'ಒಬ್ಬ ಬಂದಾ' ಅಂತ ಐತಿ. ಒಬ್ಬ ಸೇವಕ."

ನನ್ನ ಹೆಬ್ಬೆರಳು ಇನ್ನೂ ಬಾತಿತ್ತು. ಅದನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

ಹೊಲದ ಮಾಲೀಕ ಕಲ್ಲಿನ ಸುತ್ತ ಒಂದು ಸುತ್ತು ಹಾಕಿ, ಹಿಂದೆ ಮುಂದೆ ತಟ್ಟಿ ನೋಡಿದ. ನಾವೇನಾದರೂ ತಂದು ನೆಟ್ಟಿದ್ದೇವೆಯೇ ಎಂದು ಅನುಮಾನವಿತ್ತೇನೋ. ಆಮೇಲೆ ಉಸಿರು ಬಿಟ್ಟು, "ಇದು ಕೋರ್ಟಿನ್ಯಾಗ ನಡಿತೈತೋ ಇಲ್ಲೋ ನಂಗೊತ್ತಿಲ್ಲ" ಎಂದ.

"ಕೋರ್ಟಿನ ಮಾತು ಯಾರ್ ಕೇಳ್ಯಾರ? ಬರದಿದ್ದು ತೋರಿಸಿದ್ರ ಹೊಳ್ಳಸ್ತೀನಿ ಅಂದಾಂವ ನೀ. ಓದಿದಾಂವನೂ ನೀನ."

ಅವನು ಹೊಲದ ಕಡೆ ಹೊರಟುಹೋದ. ಖಂಡೇನವಮಿಯ ದಿನ ನಾನು ಬೆಳಿಗ್ಗೆಯೇ ಹೋಗಿ ಬಾವಿಯ ಮೊದಲ ಮೆಟ್ಟಿಲ ಮೇಲೆ ಕೂತೆ, ಬುತ್ತಿ ಕಟ್ಟಿಕೊಂಡೇ ಹೋಗಿದ್ದೆ. ಮರುದಿನವೂ ಹೋದೆ. ಜೆಸಿಬಿ ಚೆಂಡುಹೂವಿನ ಹಾರ ಹಾಕಿಕೊಂಡು ಹೊಲದ ಆಚೆ ಬದಿಯಲ್ಲಿ ನಿಂತಿತ್ತು. ಮಧ್ಯಾಹ್ನ ಅದು ಶುರುವಾದ ಸದ್ದು ಕೇಳಿದರೂ ನಾನು ಏಳಲಿಲ್ಲ. ಅದು ಬಾವಿಯ ಕಡೆ ಬರಲಿಲ್ಲ. ಹೊಲದ ಇನ್ನೊಂದು ಮೂಲೆಯಲ್ಲಿ ಪಾಯ ಅಗೆಯತೊಡಗಿತು. ಸಂಜೆ ಮಾಲೀಕ ಬಂದು, "ಗಾಡಿ ಆ ಕಡೆ ನಿಲ್ಲಸ್ತೀನಿ. ಇನ್ನರ ಮನಿಗೆ ಹೋಗ್ರಿ ಬಾಯಾರ, ಬಿಸಲಾಗ ಕುಂತು ಏನರ ಆದ್ರ ನನ್ನ ಮ್ಯಾಲ ಬರತೈತಿ" ಎಂದ. ಮುಂದಿನ ವರ್ಷವೂ ಬಂದು ನೋಡುತ್ತೇನೆ ಎಂದು ಹೇಳಿಯೇ ಎದ್ದೆ.

ನಮ್ಮ ಮಂದಿ ಆ ವರ್ಷವೂ ನಡೆದು ಬಂದರು. ನಾನು ಹುಕ್ಕೇರಿಯಿಂದ ಎದುರು ಹೋಗಿ ಬಾವಿಯ ಹತ್ತಿರ ಕಾಯುತ್ತಿದ್ದೆ. ಸುದ್ದಿ ಆಗಲೇ ಮಸಗುಪ್ಪಿ ಮುಟ್ಟಿತ್ತು. ಒಬ್ಬಿಬ್ಬರು ಕಲ್ಲಿನ ಹತ್ತಿರ ಬರದೆ ದೂರ ನಿಂತರು. ಒಬ್ಬ ಮುದುಕಿ ಮಾತ್ರ ನೇರ ಬಂದು, ಫಾರಸಿ ಸಾಲಿನ ಮೇಲೂ ಕನ್ನಡ ಸಾಲಿನ ಮೇಲೂ ಕೈಯಾಡಿಸಿ, "ಯಪ್ಪಾ, ಈಗ ಉರಿ ಕಡಿಮಿ ಆತೇನು?" ಎಂದು ದೇವರನ್ನೇ ಕೇಳಿದಳು. ಸುಣ್ಣ ಏನು ಮಾಡುವುದು ಎಂಬ ಚರ್ಚೆ ಬಂತು. ಬೆನ್ನಿಗೆ ಬಳಿಯಿರಿ, ಮುಖಕ್ಕೆ ನೀರು ಹಾಕಿರಿ ಎಂದೆ. ನರ್ಸಿನ ದನಿಯಲ್ಲಿ ಹೇಳಿದ್ದರಿಂದಲೋ ಏನೋ, ಯಾರೂ ಎದುರಾಡಲಿಲ್ಲ.

ತಮ್ಮ ಕೊನೆಗೆ ಬಂದ, ಕುರಿಗಳ ಹಿಂದೆ. ನನ್ನನ್ನು ದಾಟಿಕೊಂಡೇ ಹೋದ. ಕುರಿಗಳಿಗೆ ನೆರಳು ಮಾಡಿ, ಕಲ್ಲಿನ ಮುಂದೆ ಬಂದು ನಿಂತ. ಪ್ರತಿ ವರ್ಷ ಹಣೆ ಹಚ್ಚುತ್ತಿದ್ದ ಜಾಗ ಈಗ ಎಲ್ಲಿದೆ ಎಂದು ಅವನ ಕಣ್ಣು ಹುಡುಕುತ್ತಿತ್ತು. ನೋಡಲಾಗದೆ ನಾನೇ ಹತ್ತಿರ ಹೋಗಿ ತುಂಡುಗಳ ವಿಷಯ ಕೇಳಿದೆ.

"ಮನ್ಯಾಗ ದ್ಯಾವರ ಜಗಲಿ ಮ್ಯಾಲ ಇಟ್ಟೇನಿ. ಕೂಡಿಸೇನಿ. ಒಂದು ತುಂಡು ಕಡಿಮಿ ಬಿದ್ದೈತಿ," ಎಂದ. ಆಮೇಲೆ, "ಬುಟ್ಟಿದು ಎಲ್ಲಿ ಬರದೈತಿ?" ಎಂದು ಕೇಳಿದ.

ನಾನು ಅವನ ಬೆರಳು ಹಿಡಿದು ಐದನೆಯ ಸಾಲಿನ ಮೇಲೆ ಇಟ್ಟೆ. ಎಲ್ಲಿಂದ ಎಲ್ಲಿಯವರೆಗೆ ಎಂದು ತೋರಿಸಿದೆ. ಅವನು ಆ ಸಾಲನ್ನು ಮೂರು ಸಲ ಸವರಿದ. ಹಣೆ ಹಚ್ಚಿದ. ಆಮೇಲೆ ಧೋತರ ಮೇಲೆ ಕಟ್ಟಿ ಬಾವಿಗೆ ಇಳಿದ.

ನಾನೂ ಇಳಿದೆ, ಗೋಡೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು. ಮೊಣಕಾಲಷ್ಟು ನೀರಿನಲ್ಲಿ ನಿಂತು ತಮ್ಮ ಹೂಳು ಬಗೆದು ಬಗೆದು ಬುಟ್ಟಿಗೆ ತುಂಬುತ್ತಿದ್ದ. ತನ್ನದೊಂದನ್ನು ಮೇಲೆ ಹೊತ್ತು ಹಾಕಿ ಬಂದ. ನನ್ನದನ್ನು ನಾನು ಹೊತ್ತು ಹಾಕಿ ಬಂದೆ. ಮೇಲೆ ಕೂತು ದಮ್ಮು ಬಿಡುತ್ತಿದ್ದೇನೆ, ಕೆಳಗಿನಿಂದ ಅವನು ಕೂಗಿದ.

"ಅಕ್ಕಾ, ಇನ್ನೊಂದೈತಿ, ಬಾ."

"ನಂದು ಆತಲ್ಲೋ."

"ಇದು ಅವ್ವಂದು."

ಮತ್ತೆ ಇಳಿದೆ. ಅವನು ಬುಟ್ಟಿಯನ್ನು ತುಂಬ ತುಂಬಿದ್ದ, ರಿಯಾಯಿತಿ ಮಾಡಿರಲಿಲ್ಲ. ನನ್ನ ತಲೆಯ ಮೇಲೆ ಸಿಂಬೆ ಇಟ್ಟು, ಬುಟ್ಟಿ ಎತ್ತಿಟ್ಟ. ಕೆಸರು ನೀರು ಕಿವಿಯ ಹಿಂದೆ ಇಳಿಯುತ್ತಿತ್ತು. ಎದುರಿಗೆ ಮೂವತ್ತೆರಡು ಮೆಟ್ಟಿಲು. ಹತ್ತನೆಯದಕ್ಕೆ ಮೊಣಕಾಲು ಬೇಡ ಅಂದಿತು. ಹತ್ತಿದೆ.